ಶೇವಂತಿ ಮಾಡಿದ ಬರಿಗೈ ಗುಳ್ಳವ್ವ

"ಅವ್ವಾ... ಲಗೂನ ಹೊರಗ ಬಾ! ಇಡೀ ಸಾಲೀನ ನಮ್ಮ ಮನಿಗೆ ಬಂದೈತಿ!"

ಒಲೆಗೆ ಮಣ್ಣು ಮೆತ್ತುತ್ತಿದ್ದ ಸುಂದರವ್ವ ಮಗಳು ಶೇವಂತಿಯ ಕೂಗಿಗೆ ಬೆಚ್ಚಿಬಿದ್ದಳು. ಮೊಣಕೈವರೆಗೂ ಹಸಿಮಣ್ಣು. ಬೆವರು ಒರೆಸಿಕೊಳ್ಳಲು ಹೋಗಿ ಹಣೆಗೂ ಅದನ್ನೇ ಬಳಿದುಕೊಂಡು, ಹಾಗೇ ಬಾಗಿಲಿಗೆ ಓಡಿದಳು.

ಅಂಗಳದ ತುಂಬ ಮಕ್ಕಳ ದಂಡು! ಒಬ್ಬರ ಕೈಯಲ್ಲಿ ಬುಟ್ಟಿ, ಇನ್ನೊಬ್ಬರ ಕೈಯಲ್ಲಿ ತಳ ಹೋದ ಬಕೀಟು. ನಡುವೆ ಅಂಗಿಯ ತೋಳು ಮಡಚಿಕೊಂಡು ನಿಂತ ಒಬ್ಬ ಎತ್ತರದ ಹರೆಯದವ... ಅವನ ಕೈಯೂ ಮೊಣಕೈವರೆಗೆ ಮಣ್ಣು!

"ನಾ ಮಾನಪ್ಪ ರಿ, ಹೊಸಾ ಮಾಸ್ತರ. ಮಕ್ಕಳಿಗೆ ಮಣ್ಣೆತ್ತು ಮಾಡೂದು ಕಲಸಾಕತ್ತೇನಿ. ತಂದ ಮಣ್ಣು ಸಾಲಲಿಲ್ಲ. ನಿಮ್ಮನ್ಯಾಗ ಕಲಸಿದ್ದು ಐತಿ ಅಂತ ಶೇವಂತಿ ಕರಕೊಂಡು ಬಂದ್ಲು..."

"ಅಕ್ಷರ ಕಲಸ್ರಿ ಅಂತ ಕಳಿಸಿದ್ರ ಮಣ್ಣು ಕಲಸಾಕ ಹಚ್ಚೀರಲ್ರಿ ಮಾಸ್ತರ!"

"ಮೊದಲ ಬೆರಳು ಪಳಗಲಿ ರಿ. ಅಕ್ಷರ ಎಲ್ಲಿಗೆ ಹೋಗ್ತಾವ?"

ಮಕ್ಕಳೆಲ್ಲ ಹೋ ಎಂದು ನಕ್ಕರು. ಸುಂದರವ್ವನಿಗೂ ನಗು ತಡೆಯಲಾಗಲಿಲ್ಲ. ಎಷ್ಟು ದಿನವಾಗಿತ್ತು ಹೀಗೆ ಬಾಯಿ ತುಂಬ ನಕ್ಕು! ಒಲೆಗೆಂದು ಕಲಸಿದ ಮಣ್ಣೆಲ್ಲ ಬುಟ್ಟಿಗೆ ಹೋಯಿತು. ಹೋಗುವಾಗ ಮಾಸ್ತರ ಒಮ್ಮೆ ತಿರುಗಿ ನೋಡಿದ.

ಅಷ್ಟೇ...

ಮರುದಿನದಿಂದ ಮಾಸ್ತರ ಆ ಓಣಿಗೇ ಬರಲಿಲ್ಲ! ಶಾಲೆಗೆ ಅದೇ ಹತ್ತಿರದ ದಾರಿ. ಅದನ್ನು ಬಿಟ್ಟು ಬಾವಿಯ ಕಡೆ ಸುತ್ತು ಹಾಕಿ ಹೋಗುತ್ತಿದ್ದ. ಕಸ ಗುಡಿಸುವಾಗ, ರೊಟ್ಟಿ ಬಡಿಯುವಾಗ ಸುಂದರವ್ವನ ಕಿವಿ ಮಾತ್ರ ಓಣಿಯಲ್ಲೇ ಇರುತ್ತಿತ್ತು.

'ನಾ ಅಂದ ಮಾತು ಚುಚ್ಚಿತೇನೋ... ಥೂ, ಅದನ್ನು ಕಟ್ಟಿಕೊಂಡು ನನಗೇನಾಗಬೇಕು?'

ಗಂಡ ತೀರಿಕೊಂಡಾಗ ಶೇವಂತಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಅಂದಿನಿಂದ ಸುಂದರವ್ವನ ಕೈ ಬರಿಗೈ. ಬಳೆ ಮಾರುವ ಜೈತುನಬಿ ಓಣಿಗೆ ಬಂದರೆ ಬಾಗಿಲು ಮುಚ್ಚಿಬಿಡುತ್ತಿದ್ದಳು. ಆಗೆಲ್ಲ ಶೇವಂತಿ ಅವ್ವನ ಮುಖ ನೋಡಿ ಏನೋ ಕೇಳಲು ಬಾಯಿ ತೆರೆಯುವಳು... ಮತ್ತೆ ನುಂಗಿಕೊಳ್ಳುವಳು. ಕೆಲವು ಮಾತು ಅವ್ವನನ್ನು ನೋಯಿಸುತ್ತವೆಂದು ಕೂಸಿಗೂ ತಿಳಿಯುತ್ತದೆ.

ಮಣ್ಣೆತ್ತಿನ ಅಮಾವಾಸ್ಯೆ ಮುಗಿಯಿತು. ಆಷಾಢದ ಮಂಗಳವಾರ ಬಂತೆಂದರೆ ಹೆಣ್ಣುಮಕ್ಕಳು ಮಣ್ಣಿನಲ್ಲಿ ಗುಳ್ಳವ್ವನನ್ನು ಮಾಡಿ ಪೂಜಿಸಬೇಕಲ್ಲ? ಈ ಸಲ ಶಾಲೆಯಲ್ಲೇ ಗುಳ್ಳವ್ವ!

"ಅವ್ವಾ, ಚಲೋ ಆದವನ್ನ ಬಾಗೇವಾಡಿಗೆ ಒಯ್ದು ತೋರಸ್ತಾರಂತ! ಬಸ್ಸಿನ್ಯಾಗ!" ಶೇವಂತಿ ಕುಣಿದಳು. "ಗುಳ್ಳವ್ವನ ಕೈಗೆ ಹಚ್ಚಾಕ ಒಡಕ ಬಳಿ ಚೂರು ತರಬೇಕಂತ..."

ಅಷ್ಟಂದು ಅವ್ವನ ಬರಿಗೈ ನೋಡಿದಳು. ಆ ಮನೆಯಲ್ಲಿ ಬಳೆಯ ಚೂರಾದರೂ ಎಲ್ಲಿಂದ ಬರಬೇಕು?

ಮರುದಿನ ಊಟದ ಬಿಡುವಿನಲ್ಲಿ ಅವಳು ಓಡುತ್ತ ಬಂದಳು. ಕೈಯಲ್ಲಿ ಕಾಗದದ ಗಂಟು.

"ಮಾಸ್ತರ ಕೊಟ್ರು!"

ಬಿಚ್ಚಿದರೆ... ಹಸಿರು ಗಾಜಿನ ಬಳೆ! ಒಂದೂ ಒಡೆದಿಲ್ಲ!

ಸುಂದರವ್ವ ಗಂಟು ಮಡಚಿಡಲು ಹೋದಳು. ಅಷ್ಟರಲ್ಲಿ ಪಕ್ಕದ ಮನೆಯ ಸಾತವ್ವ ಇಣುಕಿಯೇಬಿಟ್ಟಳು.

"ಏನಽ ಸುಂದರಿ, ಹಸರ ಬಳಿ! ಉಡಿಕಿ ಮಾತೇನರ ನಡದೈತೇನ? ನಮಗೂ ಒಂದು ಹೋಳಿಗಿ ಹಾಕಽ!"

ಗಂಡ ಸತ್ತವಳಿಗೆ ಮತ್ತೆ ಲಗ್ನ ಮಾಡುವ ಉಡಿಕಿ ಅವರ ಜನದಲ್ಲಿ ಇಲ್ಲದ್ದೇನಲ್ಲ. ಆದರೆ ಹೀಗೆ ಕೂಸಿನ ಕೈಯಲ್ಲಿ ಬಳೆ ಕಳಿಸಿ ಆಡಿಕೊಳ್ಳುವುದೆ? ಸುಂದರವ್ವ ಗಂಟು ಹಿಡಿದು ಶಾಲೆಗೆ ನಡೆದೇಬಿಟ್ಟಳು. ಶೇವಂತಿ ಹಿಂದೆಯೇ ಓಡಿದಳು.

ಶಾಲೆಯ ಕಟ್ಟೆಯ ಮೇಲೆ ಮಾಸ್ತರ ಮಕ್ಕಳ ನಡುವೆ ಕೂತು ಮಣ್ಣು ನಾದುತ್ತಿದ್ದ.

"ಮಾಸ್ತರ! ನನ್ನ ಕೈ ನೋಡಿಲ್ಲೇನ್ರಿ ನೀವು?"

ಎರಡೂ ಕೈ ಮುಂದೆ ಚಾಚಿದಳು. ಮಾನಪ್ಪ ಆ ಬರಿಗೈ ನೋಡಿದ... ಹಣೆ ನೋಡಿದ... ಅವನ ಮುಖ ಬಿಳಿಚಿತು.

"ನೋಡಿರಲಿಲ್ಲ ರಿ... ಖರೇನ ನೋಡಿರಲಿಲ್ಲ! ಅವತ್ತು ನಿಮ್ಮ ಕೈಯಾಗ, ಹಣಿಮ್ಯಾಗ ಬರೇ ಮಣ್ಣ ಇತ್ತು. ಹಾಜರಿ ಪುಸ್ತಕದಾಗ ಶೇವಂತಿ ಅಪ್ಪನ ಹೆಸರು ಐತಿ, ಇದ್ದಾನಂತ ತಿಳದೆ. ಹುಡುಗಿ ಬಳಿಚೂರು ಇಲ್ಲಂತ ಮೂಲ್ಯಾಗ ನಿಂತಿದ್ಲು. ಅದಕ್ಕ ಜೈತುನಬಿ ಕಡೆ ಕೊಂಡು, ಮನ್ಯಾಗ ಅವ್ವನ ಕಡೆ ಒಡಿಸ್ಕೊಂಡು ಬಾ ಅಂದೆ..."

"ಒಡಿಯೂದು ಬ್ಯಾಡ ಅನಿಸ್ತು ರಿ," ಎಂದಳು ಶೇವಂತಿ ಮೆಲ್ಲಗೆ. "ಭಾಳ ಚಂದ ಅದಾವು."

ಸುಂದರವ್ವನ ಸಿಟ್ಟು ಅರ್ಧ ಇಳಿಯಿತು. ಆಗಲೇ ಅವಳ ಕಣ್ಣು ಕಟ್ಟೆಯ ಮೇಲಿನ ಗುಳ್ಳವ್ವಗಳ ಕಡೆ ಹೋಯಿತು. ಗುಲಗಂಜಿಯ ಕಣ್ಣು, ಕುಸುಬೆ ಕಾಳಿನ ಸರ, ಕೈತುಂಬ ಮಿನುಗುವ ಬಳೆಚೂರು! ತುದಿಯಲ್ಲಿ ಒಂದು ಮಾತ್ರ... ಬರಿಗೈ. ಆದರೂ ನಗುತ್ತಿತ್ತು.

"ಇದು ಯಾರದು?"

"ನಂದು," ಎಂದಳು ಶೇವಂತಿ. "ಅದು ನೀನ ಅವ್ವಾ. ನಮ್ಮ ಮನಿಗೆ ಮಾಸ್ತರ ಬಂದಾಗ ನಕ್ಕಿದ್ದ್ಯಲ್ಲ... ಹಂಗ ಮಾಡೇನಿ."

ಸುಂದರವ್ವನ ಕಣ್ಣು ತುಂಬಿ ಬಂದವು. ಮುಖ ಮರೆಸಿಕೊಳ್ಳುತ್ತ ಕೇಳಿದಳು, "ಮತ್ತ... ನಮ್ಮ ಓಣಿ ಯಾಕ ಬಿಟ್ರಿ ಮಾಸ್ತರ?"

ಮಾನಪ್ಪ ಕೈಯಲ್ಲಿದ್ದ ಮಣ್ಣುಂಡೆಯನ್ನು ಒತ್ತುತ್ತಲೇ ಇದ್ದ.

"ಆ ನಗೀನ ಮತ್ತೊಮ್ಮೆ ನೋಡಬೇಕು ಅನಿಸ್ತಿತ್ತು ರಿ. ಗಂಡ ಇದ್ದಾಕಿ ಅಂತ ತಿಳಕೊಂಡು... ಅದು ತಪ್ಪಂತ ಹೆದರಿ ಸುತ್ತು ಹಾಕತಿದ್ದೆ."

ಮಕ್ಕಳೆಲ್ಲ ಬಾಯಿ ತೆರೆದು ಕೂತಿದ್ದರು.

"ನಮ್ಮವ್ವನೂ ಉಡಿಕಿ ಆದಾಕಿನ ರಿ," ಎಂದ ಮಾನಪ್ಪ. "ನೀವು ಹೂಂ ಅಂದ್ರ ನಮ್ಮೂರು ಕೊಲ್ಹಾರಕ್ಕ ಹೇಳಿ ಕಳಸ್ತೇನಿ. ನಮ್ಮ ಹಿರ್ಯಾರು ಬಂದು ನಿಮ್ಮ ಹಿರ್ಯಾರನ್ನ ಕಾಣ್ತಾರ. ಒಲ್ಲೆ ಅಂದ್ರ... ಈ ಬಳಿ ಇಲ್ಲೇ ಇಟ್ಟು ಹೋಗ್ರಿ. ಚೂರು ಮಾಡಿ ಹಚ್ಚಿಸ್ತೇನಿ."

ಸುಂದರವ್ವ ಗಂಟನ್ನು ನೋಡಿದಳು. ಕಟ್ಟೆಯ ಮೇಲಿಡಲು ಕೈ ಮುಂದಾಯಿತು... ಮತ್ತೆ ಹಿಂದೆ ಬಂತು. ಗಂಟನ್ನು ಮೆಲ್ಲಗೆ ಎದೆಗೆ ಒತ್ತಿಕೊಂಡಳು.

"ಇವನ್ನ ಒಡಿಯೂದು ಬ್ಯಾಡ ಬಿಡ್ರಿ," ಅಂದಳು. ತುಟಿಯ ಅಂಚಿನಲ್ಲಿ ಅದೇ ನಗು!

ಮಾನಪ್ಪನ ಕೈಯಿಂದ ಮಣ್ಣುಂಡೆ ಧೊಪ್ಪನೆ ಬಿತ್ತು. ಮಕ್ಕಳು ಹೋ ಎಂದರು!

ಶೇವಂತಿ ಅವ್ವನ ಸೆರಗು ಜಗ್ಗಿದಳು. ಬಾಯಿ ತೆರೆದಳು. ಈ ಸಲ ನುಂಗಿಕೊಳ್ಳಲಿಲ್ಲ.

"ಅವ್ವಾ... ಇನ್ನ ಮ್ಯಾಲ ಜೈತುನಬಿ ಬಂದ್ರ ಬಾಗಲಾ ತಗದ ಇಡ್ತೀ ಏನ?"