ಮೆಣಸಿನ ಬೀಜದ ಗಂಟು

"ಈ ಚಳೀಲಿ ಇಷ್ಟೊಂದು ಬೀಜ ಹೇಗಮ್ಮ ಮೊಳೆತ್ವು?" ಶಾಲೆಯ ವಿಜ್ಞಾನ ಮೇಳಕ್ಕೆ ಬಂದಿದ್ದ ಜಡ್ಜ್ ಮೇಡಂ ಬಗ್ಗಿ ನೋಡಿದರು.

ಸಿಂಚನಾಳ ಮೇಜಿನ ಮೇಲೆ ಎರಡು ಟ್ರೇಗಳಿದ್ದವು. ಹಾಗೇ ಬಿತ್ತಿದ ಇಪ್ಪತ್ತು ಮೆಣಸಿನ ಬೀಜಗಳಲ್ಲಿ ಮೊಳೆತದ್ದು ಮೂರೇ ಮೂರು. ಇನ್ನೊಂದು ಟ್ರೇಯಲ್ಲಿ ಹದಿನೆಂಟು!

"ಉಗುರು ಬೆಚ್ಚಗಿನ ನೀರಲ್ಲಿ ನೆನೆಸ್ಬೇಕು ಮೇಡಂ. ಆಮೇಲೆ ಒದ್ದೆ ಬಟ್ಟೇಲಿ ಗಂಟು ಕಟ್ಟಿ ಐದು ದಿನ ಬೆಚ್ಚಗಿಡ್ಬೇಕು."

"ಬೆಚ್ಚಗೆ ಅಂದ್ರೆ ಎಲ್ಲಿ?"

ಸಿಂಚನ ತಡವರಿಸಿದಳು. ಅವಳ ಅಮ್ಮ ಇಂದ್ರಮ್ಮ ಹೂಟಗಳ್ಳಿಯ ಹತ್ತಿರ ನರ್ಸರಿಯೊಂದರಲ್ಲಿ ಕೂಲಿಗೆ ಹೋಗುತ್ತಿದ್ದಳು. ಆ ಗಂಟನ್ನು ಅಮ್ಮ ಐದು ದಿನವೂ ಸೀರೆಯ ನೆರಿಗೆಯೊಳಗೆ, ಹೊಟ್ಟೆಗೆ ತಾಗುವ ಹಾಗೆ ಸಿಕ್ಕಿಸಿಕೊಂಡು ಓಡಾಡಿದ್ದಳು. ಅದನ್ನು ಹೇಳಿದರೆ ಪಕ್ಕದ ಮೇಜಿನ ಐಶ್ವರ್ಯ ನಗದೇ ಇರುತ್ತಾಳೆಯೇ?

"ಒಲೆ ಹತ್ರ ಮೇಡಂ."

"ವೆರಿ ಗುಡ್. ಯಾರು ಹೇಳ್ಕೊಟ್ರು?"

"ಬುಕ್ಕಲ್ಲಿ ಓದ್ದೆ."

ತಲೆಯೆತ್ತಿದರೆ, ಬಾಗಿಲಲ್ಲಿ ಅಮ್ಮ! ಅರ್ಧ ದಿನ ರಜೆ ಹಾಕಿ ಬಂದಿದ್ದಳು.

ಸಿಂಚನಾಳಿಗೆ ಫಸ್ಟ್ ಪ್ರೈಜ್ ಬಂತು. ಬಸ್ ಸ್ಟಾಪಿನಲ್ಲಿ ಅಮ್ಮನ ಮುಖದ ತುಂಬ ನಗು.

"ಯಾವ್ ಬುಕ್ಕು ಮಗಾ ಅದು? ನಾನ್ ಮಾಡೋದ್ನೇ ಬುಕ್ಕಲ್ಲೂ ಬರ್ದವ್ರಾ?"

ಸಿಂಚನ ಬಸ್ ಬರುವ ದಾರಿಯತ್ತ ನೋಡಿದಳು.

"ಬೀಜನ ಸೊಂಟಕ್ಕೆ ಕಟ್ಕೊಂಡ್ ತಿರುಗ್ತಾಳೆ ಅಂತ ನಮ್ ಓನರ್ ದಿನಾ ಆಡ್ಕೊಂಡ್ ನಗ್ತಾರೆ ಕಣವ್ವ. ಒಂದಿನ ಆ ಬುಕ್ ಕೊಡು. ಅವ್ರಿಗೆ ತೋರಿಸ್ಬುಟ್ಟು ತಂದ್ಕೊಡ್ತೀನಿ."

ಸಿಂಚನ ಸರ್ಟಿಫಿಕೇಟನ್ನು ಸುರುಳಿ ಸುತ್ತಿದಳು. ಬಿಚ್ಚಿದಳು. ಮತ್ತೆ ಸುತ್ತಿದಳು.

"ಬುಕ್ ಇಲ್ಲಮ್ಮ."

"ಲೈಬ್ರರೀಲಿ ಐತಾ?"

"ಎಲ್ಲೂ ಇಲ್ಲ. ನೀನು ಹೇಳ್ಕೊಟ್ಟಿದ್ದು ಅನ್ನೋಕೆ... ಒಂಥರಾ ಆಯ್ತು."

ಅಮ್ಮನ ನಗು ಒಮ್ಮೆಲೇ ಹೋಗಲಿಲ್ಲ. ತುಟಿಯ ಮೇಲೆ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಇರಲಿಲ್ಲ.

ಅಷ್ಟರಲ್ಲಿ ಬಸ್ ಬಂತು. "ಬೇಗ್ ಹತ್ತು, ಸೀಟ್ ಸಿಗಾಕಿಲ್ಲ," ಎಂದಳು ಅಮ್ಮ.

ಕಿಟಕಿಯ ಪಕ್ಕ ಕುಳಿತ ಅಮ್ಮ ಹೊರಗೆ ನೋಡತೊಡಗಿದಳು. ಬೈದಿದ್ದರೂ ಚೆನ್ನಾಗಿತ್ತು. ಎರಡೇಟು ಹಾಕಿದ್ದರೆ ಇನ್ನೂ ಚೆನ್ನಾಗಿತ್ತು.

"ಅಮ್ಮಾ..."

"ಮುಂದಿನ್ ಸಲ ನಾನ್ ಬರಾಕಿಲ್ಲ ಬುಡು," ಎಂದಳು ಅಮ್ಮ. ಕೋಪದಿಂದಲ್ಲ, ಸೊಪ್ಪಿನ ರೇಟು ಹೇಳುವಷ್ಟು ಸಲೀಸಾಗಿ.

ನರ್ಸರಿಯಲ್ಲಿ ಓನರ್ ನಕ್ಕಾಗಲೂ ಅಮ್ಮ ಹೀಗೇ ಎತ್ತಲೋ ನೋಡುತ್ತಾ ಕೂರುತ್ತಾಳೇನೋ. ಸಿಂಚನಾಳಿಗೆ ಹಾಗನ್ನಿಸಿದ್ದು ಇದೇ ಮೊದಲು. ಅವಳು ಅಮ್ಮನ ಕೈ ಹಿಡಿಯಬೇಕೆಂದುಕೊಂಡಳು. ಹೂಟಗಳ್ಳಿ ಬರುವವರೆಗೂ ಹಿಡಿಯಲಾಗಲಿಲ್ಲ.