ಚರ್ಚೆಯಿಲ್ಲದೆ ಪಾಸ್!

ಲಾರಿ ಎರಡನೇ ಸಲ ಗುದ್ದಿತು!

ನನ್ನ ಬೊಲೆರೋದ ಹಿಂದಿನ ಗಾಜು ಪುಡಿಪುಡಿಯಾಗಿ ಸೀಟಿನ ಮೇಲೆ ಸುರಿಯಿತು. ಸ್ಟೀರಿಂಗ್ ಕೈಯಿಂದ ಜಾರಿತು... ಮತ್ತೆ ಹಿಡಿದೆ. ಹಿಂದೆ ಕುಳಿತಿದ್ದ ಗುರುಶಾಂತ ಸೀಟಿನಿಂದ ಕೆಳಗೆ ಬಿದ್ದು ಚೀರಿದ.

"ಗಾಡಿ ನಿಂದ್ರಸ್ರಿ! ನಾ ಇಳೀತೇನ್ರಿ! ನನಗ ಸಣ್ಣ ಮಕ್ಕಳಿದ್ದಾವ್ರಿ!"

"ಇಳಿದ್ರ ಸೀದಾ ಲಾರಿ ಕೆಳಗ ಇಳೀತೀರಿ. ಸುಮ್ಕ ಕೂಡ್ರಿ!"

ಕನ್ನಡಿ ನೋಡಿದೆ. ನಂಬರ್ ಇಲ್ಲದ ಲಾರಿ. ಡ್ರೈವರ್ ಪಕ್ಕದಲ್ಲಿದ್ದ ಮುಖ ಮಾತ್ರ ಚೆನ್ನಾಗಿ ಗೊತ್ತಿದ್ದದ್ದೇ.

ನರಸಿಂಗ!

ಹುಮನಾಬಾದಿನಲ್ಲಿ ಯಾರ ಕೈಕಾಲು ಮುರಿಸಬೇಕಾದರೂ ಜನ ಹುಡುಕಿಕೊಂಡು ಹೋಗುವುದು ಅವನನ್ನೇ. ಸಸ್ತಾಪುರ ಬಂಗ್ಲಾದ ಹತ್ತಿರ ನಾವು ಹೈವೇ ಹತ್ತಿದಾಗಿನಿಂದ ಬೆನ್ನಿಗೆ ಬಿದ್ದಿದ್ದ.

ನಾನು ಮನೀಷಾ. ಮೊದಲು ಪೊಲೀಸ್ ಕಾನ್‌ಸ್ಟೆಬಲ್. ಈಗ ಹುಮನಾಬಾದ್ ಬಸ್ ಸ್ಟ್ಯಾಂಡಿನ ಹಿಂದೆ ಒಂದು ರೂಮು, ಒಂದು ಟೇಬಲ್ಲು, ಈ ಬೊಲೆರೋ. ಇನ್ಶೂರೆನ್ಸ್ ಕಂಪನಿಗಳಿಗಾಗಿ ಸುಳ್ಳು ಕ್ಲೇಮು ಹಿಡಿಯುವುದು ನನ್ನ ಕಸುಬು. ಸತ್ತವರ ಮನೆಗೆ ಹೋಗಿ, ನಿಜಕ್ಕೂ ಸತ್ತಿದ್ದಾರೋ ಇಲ್ಲವೋ ಅಂತ ಕೇಳಿ ಬರುವ ದರಿದ್ರ ಕೆಲಸ!

ಹಾಗೆಯೇ ದುಬಲಗುಂಡಿಗೆ ಹೋಗಿದ್ದೆ. ಮೀರಾಬಾಯಿ ಅನ್ನುವ ಕೂಲಿ ಹೆಂಗಸಿನ ಮಗ ಅಜೀತ ಗಡಿಯಲ್ಲಿ ಗುಂಡು ತಾಗಿ ಸತ್ತಿದ್ದ. ಬುಲೆಟ್‌ಪ್ರೂಫ್ ಜಾಕೆಟ್ ತೊಟ್ಟುಕೊಂಡೇ ಸತ್ತಿದ್ದ! ನನ್ನ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಆಕೆ ಒಂದೇ ಪ್ರಶ್ನೆ ಕೇಳಿದಳು.

"ಬಾಯಿ, ಗುಂಡು ತಡೀಲಿ ಅಂತ ಹಾಕ್ಕೊಳ್ಳೋ ಅಂಗಿ ಅದು. ತಡೀಲಿಲ್ಲ ಯಾಕ?"

ಕ್ಲೇಮು ಪಾಸು ಮಾಡಿದೆ. ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಅಜೀತನ ಜೊತೆಗಿದ್ದ ಸೈನಿಕರಿಗೆ ಫೋನು ಹಚ್ಚಿದೆ. ಜಾಕೆಟ್ಟಿನೊಳಗೆ ಎದೆಗೆ ಅಡ್ಡವಾಗಿ ಇಡುವ ಪ್ಲೇಟು ಒಡೆದಿತ್ತಂತೆ. ಅದು ತಯಾರಾದದ್ದು ಎಲ್ಲಿ ಗೊತ್ತೇ? ಹುಮನಾಬಾದಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ! ಮೀರಾಬಾಯಿ ಸಂತೆಗೆ ಬಂದು ಇಳಿಯುವ ಊರಲ್ಲಿ!

ಆ ಫ್ಯಾಕ್ಟರಿಯಲ್ಲಿ ಪ್ಲೇಟುಗಳನ್ನು ತಪಾಸಣೆ ಮಾಡುತ್ತಿದ್ದವನೇ ಈ ಗುರುಶಾಂತ. ಪರೀಕ್ಷೆಗೆ ಹೋಗುವ ಪ್ಲೇಟು ಬೇರೆ, ಸೈನ್ಯಕ್ಕೆ ಹೋಗುವ ಪ್ಲೇಟು ಬೇರೆ. ಎರಡಕ್ಕೂ ಪಾಸು ಅಂದವನು ಇವನೇ. ಅಜೀತ ಸತ್ತ ಸುದ್ದಿ ತಿಳಿದ ಮೇಲೆ ಕೆಲಸ ಬಿಟ್ಟು, ಬಸವಕಲ್ಯಾಣದ ತ್ರಿಪುರಾಂತ ಕೆರೆಯ ಹತ್ತಿರ ಅತ್ತೆಯ ಮನೆಯಲ್ಲಿ ಅಡಗಿ ಕುಳಿತಿದ್ದ. ಬರುವಾಗ, ಸೈನ್ಯಕ್ಕೆ ಹೋಗುವ ಮಾಲಿನಲ್ಲೇ ಒಂದಕ್ಕೆ ಫ್ಯಾಕ್ಟರಿಯೊಳಗೆ ಗುಂಡು ಹೊಡೆದು ನೋಡಿದಾಗ ತೂತಾದ ಪ್ಲೇಟನ್ನು ಎತ್ತಿಕೊಂಡು ಬಂದಿದ್ದ. ಅದು ಈಗ ಗೋಣಿಚೀಲದಲ್ಲಿ, ಅವನ ಎದೆಗೆ ಅಂಟಿಕೊಂಡಿತ್ತು.

ಇವತ್ತೇ ಯಾಕೆ ಈ ಓಟ? ಯಾಕೆಂದರೆ ಇವತ್ತು ಸಂಸತ್ತಿನ ರಕ್ಷಣಾ ಸಮಿತಿಯ ಎಂಪಿಗಳು ಹುಮನಾಬಾದಿಗೆ ಬಂದಿದ್ದರು. ಫ್ಯಾಕ್ಟರಿ ನೋಡಿ, ಸರ್ಕಾರಿ ಬಂಗಲೆ ಐಬಿಯಲ್ಲಿ ಊಟ ಮಾಡಿ ಹೈದರಾಬಾದಿಗೆ ವಾಪಸ್. ಮುಂದಿನ ವರ್ಷದ ಸೈನ್ಯದ ಬಜೆಟ್ ಅವರ ಮುಂದಿತ್ತು. ಇದೇ ಜಾಕೆಟ್ಟಿನ ದೊಡ್ಡ ಆರ್ಡರ್ ಅದರೊಳಗಿತ್ತು. ಮಂಜೂರು ಮಾಡುವವರೇ ಕೇಳದಿದ್ದರೆ ಇನ್ನಾರು ಕೇಳಬೇಕು?

ಲಾರಿ ಮೂರನೇ ಸಲ ಹತ್ತಿರ ಬಂತು...

ಬೊಲೆರೋವನ್ನು ಹೈವೇಯಿಂದ ಎಡಕ್ಕೆ, ಮಣ್ಣಿನ ದಾರಿಗೆ ಇಳಿಸಿದೆ. ಲಾರಿಯೂ ಇಳಿಯಿತು. ಎದುರಿಗೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್! ಹಿಂದೆ ಎರಡು ಟ್ರೇಲರ್, ಮೇಲೆ ಕಿವಿ ಹರಿಯುವಂತೆ ಹಾಡು. ನನ್ನ ಹಾರ್ನ್ ಯಾರಿಗೆ ಕೇಳಬೇಕು?

"ಕಣ್ಣು ಮುಚ್ಕೊಳ್ರಿ!" ಅಂದೆ.

ಕಾಲುವೆಯ ಅಂಚಿಗೆ ಎರಡು ಚಕ್ರ. ಕಬ್ಬಿನ ಗರಿ ಮುಖಕ್ಕೆ ಬಡಿಯಿತು. ಪಕ್ಕದ ಕನ್ನಡಿ ಕಿತ್ತು ಹೋಯಿತು. ಪಾರಾದೆವು! ಹಿಂದೆ ಲಾರಿಗೆ ಜಾಗವೇ ಇರಲಿಲ್ಲ. ಬ್ರೇಕಿನ ಕಿರುಚಾಟ... ಟ್ರ್ಯಾಕ್ಟರಿನವನ ಬೈಗುಳ... ಆಹಾ!

ಫೋನು ಬಡಿದುಕೊಂಡಿತು.

"ಅಕ್ಕಾವ್ರ, ನಮಸ್ಕಾರ್ರಿ." ನರಸಿಂಗನ ದನಿಯಲ್ಲಿ ಯಾವಾಗಲೂ ಮರ್ಯಾದೆ.

"ಹೇಳಪಾ."

"ಅಂವನ ಮಕ್ಕಳು ಕೆರಿ ದಂಡಿಗೆ ಆಡಾಕತ್ತಾವ್ರಿ. ಈಜು ಬರ್ತದೇನ್ ಕೇಳ್ರಿ."

ಸ್ಪೀಕರ್ ಆನ್ ಇತ್ತು. ಗುರುಶಾಂತನ ಮುಖ ಸುಣ್ಣ ಬಳಿದಂತಾಯಿತು. ನಾನು ಕಾಲ್ ಕಟ್ ಮಾಡಿ ಬಸವಕಲ್ಯಾಣದಲ್ಲಿದ್ದ ನನ್ನ ಹಳೆಯ ಪೊಲೀಸ್ ಗೆಳತಿಗೆ ಹಚ್ಚಿದೆ. ಮಕ್ಕಳನ್ನೂ ತಾಯಿಯನ್ನೂ ಎತ್ತಿಕೊಂಡು ಹೋಗಿ ಸ್ಟೇಷನ್ನಿನಲ್ಲಿ ಕೂರಿಸು ಅಂದೆ. ಹೂಂ ಅಂದಳು. ಸ್ವಲ್ಪ ಹೊತ್ತಿಗೆ ಅವಳದೇ ಫೋನು ಬಂತು. ಮಕ್ಕಳು ಬಿಸ್ಕೀಟು ತಿನ್ನುತ್ತಿದ್ದವು.

"ವಾಪಸ್ ಹೋಗೂಣೇನ್ರಿ?" ಅಂತ ಕೇಳಿದೆ.

ಗುರುಶಾಂತ ಗೋಣಿಚೀಲವನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡ.

"ಬ್ಯಾಡ್ರಿ," ಅಂದ. "ಜಲ್ದಿ ನಡೀರಿ... ಧೈರ್ಯ ಹೋಗೂದರೊಳಗ."

ಐಬಿಯ ಗೇಟಿನಲ್ಲಿ ಪೊಲೀಸರು. ಗೇಟಿನ ಹೊರಗೆ ಬಿಸಿಲಿನಲ್ಲಿ ಮೀರಾಬಾಯಿ. ಬೆಳಿಗ್ಗೆಯಿಂದ ನಿಂತಿದ್ದಳು. ಒಳಗೆ ಬಿಟ್ಟಿರಲಿಲ್ಲ. ಆಕೆಯನ್ನು ಹತ್ತಿಸಿಕೊಂಡು ಹಿಂದಿನ ಗಲ್ಲಿಗೆ ಗಾಡಿ ತಿರುಗಿಸಿದೆ. ಅಡಿಗೆಮನೆಯ ಬಾಗಿಲಲ್ಲಿ ಅಡಿಗೆಯ ಅಂಬಾದಾಸ ಬೆವರು ಒರೆಸಿಕೊಳ್ಳುತ್ತಿದ್ದ. ನನ್ನನ್ನು ನೋಡಿದ, ಮೀರಾಬಾಯಿಯನ್ನು ನೋಡಿದ. ಏನೂ ಕೇಳಲಿಲ್ಲ. ಒಂದು ರೊಟ್ಟಿ ಬುಟ್ಟಿ ಮುಂದೆ ತಳ್ಳಿದ.

"ಇದನ್ನ ಹಿಡ್ಕೊಂಡು ಒಳಗ ನಡೀರಿ. ನಾ ಏನೂ ನೋಡಿಲ್ರಿ."

ಜೋಳದ ರೊಟ್ಟಿಗಳ ಕೆಳಗೆ ಪ್ಲೇಟು ಇಟ್ಟೆವು.

ಒಳಗೆ ಉದ್ದನೆಯ ಟೇಬಲ್ಲು. ಒಂದು ತುದಿಗೆ ಸಮಿತಿಯ ಅಧ್ಯಕ್ಷ. ಅವನ ಪಕ್ಕದಲ್ಲಿ ಫ್ಯಾಕ್ಟರಿ ಮಾಲೀಕ, ಸ್ವಂತ ಕೈಯಿಂದ ಹೋಳಿಗೆಗೆ ತುಪ್ಪ ಬಡಿಸುತ್ತಿದ್ದ! ಗುರುಶಾಂತನನ್ನು ಕಂಡಿದ್ದೇ ತಡ, ತುಪ್ಪ ಬಟ್ಟಲು ಬಿಟ್ಟು ಟೇಬಲ್ಲಿಗೆ ಸುರಿಯಿತು.

ಗುರುಶಾಂತ ರೊಟ್ಟಿ ಸರಿಸಿ ಪ್ಲೇಟು ಹೊರಗೆ ತೆಗೆದ.

"ಇದು ನಮ್ಮ ಫ್ಯಾಕ್ಟರಿ ಮಾಲ್ ರೀ. ಗುಂಡು ಮುಂದಿಂದ ಹೊಕ್ಕು ಹಿಂದಿಂದ ಹೊರಗ ಬಂದದ. ಇಂಥಾವನ್ನ ನಾನೇ ಪಾಸ್ ಮಾಡೇನ್ರಿ. ಹೊಸಾ ಆರ್ಡರಿಗೂ ಇದೇ ಮಾಲ್ ತಯಾರ್ ಆಗಾಕತ್ತದ."

ಮೀರಾಬಾಯಿ ಮುಂದೆ ಬಂದಳು. ಪ್ಲೇಟಿನ ತೂತಿನೊಳಗೆ ಬೆರಳು ಹಾಕಿದಳು. ಬೆರಳು ಆಚೆ ಬದಿಗೆ ಬಂತು. ಅದನ್ನೇ ನೋಡುತ್ತಾ ನಿಂತುಬಿಟ್ಟಳು.

ಟೇಬಲ್ಲಿನ ಕೊನೆಯಲ್ಲಿದ್ದ ಒಬ್ಬ ಹೆಂಗಸು ತಟ್ಟೆ ದೂರ ತಳ್ಳಿದಳು. ರಾಜೇಶ್ವರಿ. ಬೇರೆ ಜಿಲ್ಲೆಯ ಎಂಪಿ, ವಿರೋಧ ಪಕ್ಷ. ಜೊತೆಗೆ ಬಂದಿದ್ದ ಇಲಾಖೆಯ ಅಧಿಕಾರಿಯ ಕಡೆ ತಿರುಗಿದಳು.

"ಬಜೆಟ್‌ನಲ್ಲಿ ಈ ಜಾಕೆಟ್ ಎಲ್ಲಿದೆ?"

"ಬೇರೆ ಸಾಮಾನುಗಳ ಜೊತೆ ಒಂದೇ ಸಾಲಿನಲ್ಲಿದೆ, ಮೇಡಂ."

"ಆ ಸಾಲು ಬಿಡಿಸಿ ತೋರಿಸಿ."

"ಅದು ರಹಸ್ಯ, ಮೇಡಂ."

"ನನಗೂ ರಹಸ್ಯವೇ? ಸದನದಲ್ಲಿ ಹೌದು ಅನ್ನಬೇಕಾದವಳು ನಾನು!"

ಅಧಿಕಾರಿ ಚಾವಣಿ ನೋಡಿದ. ಅಧ್ಯಕ್ಷ ಗಂಟಲು ಸರಿಮಾಡಿಕೊಂಡು ಹಿಂದಿಯಲ್ಲಿ ಏನೇನೋ ಹೇಳಿದ. ಸಾರಾಂಶ ಇಷ್ಟೇ... ಸಮಿತಿ ಸಲಹೆ ಕೊಡಬಹುದು, ದುಡ್ಡು ತಡೆಯಲಾಗದು. ಸೈನ್ಯದ ವಿಷಯದಲ್ಲಿ ಹೆಚ್ಚು ಕೇಳಿದರೆ ಜನ ದೇಶದ್ರೋಹಿ ಅಂತಾರೆ.

"ಹಾಗಾದರೆ ನಾವು ಇಲ್ಲಿಗೆ ಬಂದದ್ದು ಯಾಕೆ?" ಅಂತ ಕೇಳಿದಳು ರಾಜೇಶ್ವರಿ.

ಅಧ್ಯಕ್ಷ ಹೋಳಿಗೆಯ ಕಡೆ ನೋಡಿದ.

ಅಷ್ಟರಲ್ಲಿ ಪೊಲೀಸರು ಒಳಗೆ ಬಂದರು. ಹಿಂದೆಯೇ ನರಸಿಂಗ, ಕೂದಲಲ್ಲಿ ಕಬ್ಬಿನ ಗರಿ! ಪೊಲೀಸರು ಅವನನ್ನು ಹಿಡಿಯಲಿಲ್ಲ. ಗುರುಶಾಂತನನ್ನು ಹಿಡಿದರು. ರಕ್ಷಣಾ ಸಾಮಗ್ರಿ ಕಳವು! ರಹಸ್ಯ ಬಯಲು!

"ಆ ಲಾರಿ ನಮ್ಮನ್ನ ಕೊಲ್ಲಾಕ ಬಂದಿತ್ತು. ಅದರ ಕೇಸು?" ಅಂತ ಸಬ್ ಇನ್‌ಸ್ಪೆಕ್ಟರನ್ನು ಕೇಳಿದೆ.

"ಯಾವ ಲಾರಿ, ಬಾಯಿ?" ಅಂದ. ನನ್ನ ಕಣ್ಣು ತಪ್ಪಿಸಿ, "ಮ್ಯಾಲಿಂದ ಹೇಳ್ಯಾರ್ರಿ," ಅಂತ ಸೇರಿಸಿದ.

ಜೀಪು ಹತ್ತುವಾಗ ಗುರುಶಾಂತ ತಿರುಗಿ ನೋಡಿದ.

"ನಾ ಹೇಳಿದ್ದು ಬರಕೊಂಡ್ರೇನ್ರಿ ಅವ್ರು?"

ಹೌದು ಅಂದೆ. ಸುಳ್ಳು. ಯಾರ ಕೈಯಲ್ಲೂ ಪೆನ್ನು ಇರಲಿಲ್ಲ. ಪ್ಲೇಟು ಮಾಲು ಜಪ್ತಿ ಅಂತ ಜೀಪು ಹತ್ತಿತು. ಆಮೇಲೆ ಅದನ್ನು ಕಂಡವರಿಲ್ಲ.

ಸಮಿತಿಯ ವರದಿ ಬಂತು. ರಾಜೇಶ್ವರಿ ಕಾದಾಡಿ ಒಂದು ವಾಕ್ಯ ಸೇರಿಸಿದ್ದಳು... ಗುಣಮಟ್ಟದ ಕಡೆ ಇನ್ನಷ್ಟು ಗಮನ ಕೊಡಬೇಕು. ಅಷ್ಟೇ! ಆದರೂ ಆಕೆ ಬಿಡಲಿಲ್ಲ. ಸದನದ ಮುಂದೆ ಬರುವ ಸೈನ್ಯದ ದುಡ್ಡಿನ ಬೇಡಿಕೆಯಲ್ಲಿ ಒಂದಷ್ಟು ಕಡಿತ ಆಗಬೇಕು ಅಂತ ಸೂಚನೆ ಕೊಟ್ಟಿದ್ದೇನೆ, ಚರ್ಚೆಗೆ ಬಂದರೆ ಅಜೀತನ ಹೆಸರು ಹೇಳುತ್ತೇನೆ ಅಂತ ಫೋನು ಮಾಡಿದಳು.

ಬೇಡಿಕೆ ಸದನಕ್ಕೆ ಬರುವ ದಿನ ಮೀರಾಬಾಯಿ ಕೂಲಿ ಬಿಟ್ಟು ನನ್ನ ರೂಮಿಗೆ ಬಂದಳು. ಫೋನಿನಲ್ಲಿ ಲೋಕಸಭೆ ಹಚ್ಚಿದೆ. ಸಂಜೆಯಾಯಿತು. ಹೊತ್ತು ಮೀರಿತು, ಸೈನ್ಯದ್ದೂ ಸೇರಿ ಉಳಿದ ಬೇಡಿಕೆಗಳೆಲ್ಲ ಚರ್ಚೆಯಿಲ್ಲದೆ ಒಟ್ಟಿಗೆ ಮತಕ್ಕೆ ಅಂತ ಘೋಷಣೆ ಆಯಿತು. ಇದಕ್ಕೆ ದಿಲ್ಲಿಯಲ್ಲಿ ಗಿಲೋಟಿನ್ ಅಂತಾರಂತೆ. ತಲೆ ಕತ್ತರಿಸುವ ಯಂತ್ರದ ಹೆಸರು!

ರಾಜೇಶ್ವರಿ ಎದ್ದು ನಿಂತದ್ದು ಕಂಡಿತು. ಮಾತು ಕೇಳಲಿಲ್ಲ. "ಹೌದು" ಅನ್ನುವ ಗದ್ದಲವೇ ಕೇಳಿತು. ವಿಮಾನ, ಪಿಂಚಣಿ, ಬೂಟು, ಜಾಕೆಟ್ಟು... ಎಲ್ಲ ಒಂದೇ ಉಸಿರಿಗೆ ಪಾಸು!

"ನನ್ನ ಮಗನ ಹೆಸರು ತಗೊಂಡ್ರೇನ್ ಬಾಯಿ?"

"ಇಲ್ಲ, ಅಕ್ಕಾ."

"ಮತ್ತ ಯಾವಾಗ ತಗೋತಾರ?"

ನಾನು ಫೋನು ಆರಿಸಿದೆ. ಆಕೆ ಸೆರಗು ಸರಿಮಾಡಿಕೊಂಡು ದುಬಲಗುಂಡಿ ಬಸ್ಸಿಗೆ ಹೊರಟಳು.

ವಾರ ಕಳೆಯುವುದರೊಳಗೆ ಫ್ಯಾಕ್ಟರಿಗೆ ಹೊಸ ಆರ್ಡರ್ ಬಂತು. ಗೇಟಿಗೆ ಬೋರ್ಡು ಬಿತ್ತು. ಬೊಲೆರೋ ನಿಲ್ಲಿಸಿ ಓದಿದೆ.

"ತಪಾಸಣೆ ಮಾಡುವವರು ತಕ್ಷಣ ಬೇಕಾಗಿದ್ದಾರೆ. ಅನುಭವ ಅಗತ್ಯವಿಲ್ಲ."