ಫೋಟೋದಲ್ಲಿದ್ದ ಅತಿಥಿ

ಟೀಚರ್ ತಿರುಗಿ ನೋಡಿದಾಗ ಚಿಣ್ಣಿ ಕುರ್ಚಿಯ ಮೇಲೆ ನಿಂತಿದ್ದಳು. ಬಾಯಲ್ಲಿ ಪೆನ್ನಿನ ಕ್ಯಾಪು, ಕೈಯಲ್ಲಿ ಪೆನ್ನು.

ಕ್ಲಾಸಿನವರೆಲ್ಲ ಟ್ರಿಪ್ಪಿಗೆ ಬಂದಿದ್ದ ಹಳೆಯ ಫ್ಲೈಯಿಂಗ್ ಕ್ಲಬ್ಬಿನ ಗೋಡೆಯಲ್ಲಿ ಒಂದು ದೊಡ್ಡ ಫೋಟೋ. ವಿಮಾನದ ಮುಂದೆ ಹೆಲ್ಮೆಟ್ಟು, ಗಾಗಲ್ಸು ಹಾಕಿಕೊಂಡ ಹತ್ತು ಜನ. ಇದೇ ಫೋಟೋ ಅಜ್ಜಿಯ ಕಪಾಟಿನಲ್ಲೂ ಇತ್ತು. ಆದರೆ ಇಲ್ಲಿನ ಚೀಟಿಯಲ್ಲಿ ‘ಒಂಬತ್ತು ಪೈಲಟ್‌ಗಳು, ಒಬ್ಬ ಮಹಿಳಾ ಅತಿಥಿ’ ಎಂದು ಅಚ್ಚಾಗಿತ್ತು. ಚಿಣ್ಣಿ ‘ಅತಿಥಿ’ಯನ್ನು ಹೊಡೆದುಹಾಕಿ, ‘ನಮ್ಮಜ್ಜಿ. ಪೈಲೇಟು’ ಎಂದು ಬರೆದಿದ್ದಳು.

ಕ್ಲಬ್ಬಿನ ಮ್ಯಾನೇಜರ್ ಮುಖ ಕೆಂಪಗಾಯಿತು. ಆ ಚೀಟಿ ಅಲ್ಲಿ ನಲವತ್ತು ವರ್ಷದಿಂದ ಇತ್ತಂತೆ. ಇನ್ನು ಮೇಲೆ ನಿನಗೆ ಟ್ರಿಪ್ಪೇ ಇಲ್ಲ ಎಂದರು ಟೀಚರ್. ಹಿಂದಿನಿಂದ ಯಾರೋ, ಸರಿಯಾಗಿ ರೀಲು ಬಿಡ್ತಾಳೆ ಎಂದು ಕಿಸಕ್ಕೆಂದರು. ಚಿಣ್ಣಿಯ ಕಣ್ಣು ತುಂಬಿತು. ಬೈದದ್ದಕ್ಕಲ್ಲ, ನಂಬದಿದ್ದದ್ದಕ್ಕೆ.

ಮನೆಗೆ ಫೋನ್ ಹೋಯಿತು. ಅರ್ಧ ಗಂಟೆಯಲ್ಲಿ ಅಜ್ಜಿ ಸ್ಕೂಟರ್ ಓಡಿಸಿಕೊಂಡು ಬಂದಳು. ಒಳಗೆ ಬಂದಾಗ ಕೈಯಲ್ಲಿ ಹೆಲ್ಮೆಟ್, ಕಂಕುಳಲ್ಲಿ ಬಿಸ್ಕತ್ತಿನ ಡಬ್ಬಿ. ಮೊದಲು ಚೀಟಿ ಓದಿದಳು.

“ಪೈಲಟ್ ಕಣೇ. ಪೈಲೇಟು ಅಂದ್ರೆ ಏನು, ಊಟದ ಪ್ಲೇಟಾ? ಗೀಚಿದ್ದಕ್ಕೆ ಸಾರಿ ಹೇಳು.”

ಚಿಣ್ಣಿ ಮೂಗೊರೆಸಿಕೊಂಡು ಸಾರಿ ಹೇಳಿದಳು.

ಡಬ್ಬಿಯಲ್ಲಿದ್ದದ್ದು ಲಾಗ್‌ಬುಕ್. ಎಂದು, ಎಲ್ಲಿಗೆ, ಎಷ್ಟು ಹೊತ್ತು ಹಾರಿದಳು ಎಂದು ಅಜ್ಜಿ ಬರೆದಿಟ್ಟ ಪುಸ್ತಕ. ಅಂಚೆ ಮೂಟೆ ಸಾಗಿಸಿದ್ದು, ಬಿರುಗಾಳಿಗೆ ಸಿಕ್ಕಿ ಆಲೂಗಡ್ಡೆ ಹೊಲದಲ್ಲಿ ಇಳಿದದ್ದು, ಎಲ್ಲವೂ ಇತ್ತು. ಮ್ಯಾನೇಜರ್ ಪುಟ ತಿರುವಿದರು. ಪುಸ್ತಕವೇನೋ ಸರಿ, ಫೋಟೋದಲ್ಲಿರೋದು ನೀವೇ ಅಂತ ಹೇಗೆ ನಂಬೋದು, ಅರ್ಧ ಮುಖವೇ ಕಾಣಲ್ಲವಲ್ಲ ಎಂದರು.

ಅಜ್ಜಿ ಸ್ಕೂಟರಿನ ಹೆಲ್ಮೆಟ್ ಹಾಕಿಕೊಂಡಳು. ಫೋಟೋದ ಪಕ್ಕ ಹೋಗಿ ನಿಂತು, ಮೂಗು ಮೇಲೆತ್ತಿದಳು.

ಅದೇ ಗಿಳಿಮೂಗು. ಅದೇ ಗತ್ತು. ಇಡೀ ಕ್ಲಾಸು ಗೊಳ್ಳೆಂದಿತು. ನಗು ತಡೆಯಲು ಹೋಗಿ ಟೀಚರಿಗೆ ಕೆಮ್ಮು ಬಂತು.

ಮ್ಯಾನೇಜರ್ ಹೊಸ ಚೀಟಿ ತಂದು, ‘ಹತ್ತು ಪೈಲಟ್‌ಗಳು’ ಎಂದು ಬರೆಯತೊಡಗಿದರು.

“ಹನ್ನೊಂದು” ಎಂದಳು ಅಜ್ಜಿ.

ಮ್ಯಾನೇಜರ್ ಎಣಿಸಿದರು. ಟೀಚರ್ ಎಣಿಸಿದರು. ಹತ್ತೇ.

“ಫೋಟೋ ತೆಗೆದವಳನ್ನ ಬಿಟ್ರಿ. ನನಗೆ ಹಾರೋದು ಕಲಿಸಿದ ಅಕ್ಕ ಅವಳು. ಅವತ್ತು ಎಲ್ಲರೂ ಸಾಲಾಗಿ ನಿಂತ್ಕೊಂಡು, ಕ್ಯಾಮೆರಾ ಅವಳ ಕೈಗೆ ಕೊಟ್ಬಿಟ್ವಿ. ನಾನೂ ಸೇರ್ಕೊಂಡು.”

ಅಜ್ಜಿ ಹೆಲ್ಮೆಟ್ ತೆಗೆದಳು.

ಚಿಣ್ಣಿ ಕತ್ತೆತ್ತಿ ನೋಡಿದಳು. ಫೋಟೋದ ಕೆಳಗಿನ ಅಂಚಿನಲ್ಲಿ, ಹುಲ್ಲಿನ ಮೇಲೆ, ಒಂದು ನೆರಳು ಚಾಚಿಕೊಂಡಿತ್ತು. ಹೆಲ್ಮೆಟ್ ಹಾಕಿದ ತಲೆ, ಮೇಲೆತ್ತಿದ ಎರಡು ಮೊಣಕೈ.

ಇಷ್ಟು ದಿನ ಅವಳೂ ಹತ್ತೇ ಎಣಿಸಿದ್ದಳು.